ಅಮ್ಮನ ಟೇಪು, ನನ್ನ ಹೆಲ್ಮೆಟ್

ಹೋದ ವರ್ಷ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಒಂದು ಅಂಗಡಿಯಲ್ಲಿ ನಾನು ಹೆಲ್ಮೆಟ್ ಆರಿಸಿ, ಕಾರ್ಡ್ ಕೈಯಲ್ಲಿ ಹಿಡಿದು ನಿಂತಿದ್ದೆ. ಅಂಗಡಿಯವರು ಕೊಡಲಿಲ್ಲ. "ಇದು ನಿಮ್ಮ ತಲೆಗೆ ದೊಡ್ಡದು" ಅಂದರು. ಅರವತ್ತು ದಾಟಿದ ಮನುಷ್ಯ. ನನಗೆ ಸ್ವಲ್ಪ ಸಿಟ್ಟೇ ಬಂತು. ಹದಿನೆಂಟು ತುಂಬಿದಾಗಿನಿಂದ ಮೈಸೂರಿನಲ್ಲಿ ಗಾಡಿ ಓಡಿಸಿದವನು ನಾನು, ಎಲ್ ಸೈಜು ಬಿಟ್ಟು ಬೇರೆ ಹಾಕಿದ್ದೇ ಇಲ್ಲ. ಅವರು ವಾದ ಮಾಡಲಿಲ್ಲ. ಜೇಬಿನಿಂದ ದರ್ಜಿಯ ಟೇಪು ತೆಗೆದರು, ಹುಬ್ಬಿನಿಂದ ಒಂದು ಇಂಚು ಮೇಲೆ, ತಲೆಯ ಸುತ್ತ ಹಾಕಿ ನೋಡಿದರು. 57 ಸೆಂಟಿಮೀಟರ್. ಎಂ ಸೈಜು ಸಾಕು. ಅಂಗಿಗೆ, ಪ್ಯಾಂಟಿಗೆ, ಮದುವೆಯ ಉಂಗುರಕ್ಕೆ ಅಂತ ನನ್ನ ಮೈಯ ಅಳತೆ ಎಷ್ಟು ಸಲ ತೆಗೆದಿದ್ದಾರೋ, ತಲೆಯ ಅಳತೆ ಮಾತ್ರ ಅದೇ ಮೊದಲು.

ಎಂ ಹಾಕಿದರೆ ಕೆನ್ನೆ ಒತ್ತಿತು. ಬಿಗಿಯಾಯ್ತು ಅಂದೆ. "ಹೀಗೇ ಇರಬೇಕು, ತಲೆ ಅಲ್ಲಾಡಿಸಿ" ಅಂದರು. ಹೆಲ್ಮೆಟ್ ತಿರುಗಿದರೆ ಕೆನ್ನೆಯ ಚರ್ಮವೂ ಅದರ ಜೊತೆಗೇ ಎಳೆಯಬೇಕಂತೆ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಅಂಚು ಹಿಡಿದು ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿದರು, ಅಲುಗಲಿಲ್ಲ. ಅದೇ ಎಲ್ ಸೈಜನ್ನು ಹಾಗೆ ತಳ್ಳಿದಾಗ, ಪಟ್ಟಿ ಹಾಕಿದ್ದರೂ, ಅದು ಜಾರಿ ನನ್ನ ಮೂಗಿನ ತನಕ ಬಂದುಬಿಟ್ಟಿತು. ಆಮೇಲೆ ಇಪ್ಪತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಓಡಾಡಿ ಅಂದರು. ತೆಗೆದಾಗ ಹಣೆ ನೋಡಿದರು. ನಡುವೆ ಒಂದು ಕೆಂಪು ಗುರುತಿತ್ತು. ಅಂದರೆ ಸೈಜು ಸರಿ, ಆಕಾರ ಸರಿಯಿಲ್ಲ. ಕೆಲವರ ತಲೆ ದುಂಡಗೆ, ಕೆಲವರದ್ದು ಹಿಂದೆ ಮುಂದೆ ಉದ್ದ, ಒಂದೊಂದು ಕಂಪನಿಯ ಅಚ್ಚು ಒಂದೊಂದು ತಲೆಗೆ ಕೂರುತ್ತೆ. ಮೂರನೆಯದು ಕೂತಿತು. 130 ಪೌಂಡ್. ಇಲ್ಲಿ ಬೈಕ್ ಹೆಲ್ಮೆಟ್‌ಗೆ ವ್ಯಾಟ್ ಇಲ್ಲ. ನಾನು ಮೊದಲು ಹಿಡಿದುಕೊಂಡಿದ್ದು ಇದಕ್ಕಿಂತ ದುಬಾರಿ. ಲಾಭ ಬಿಟ್ಟು, ಒಂದು ಗಂಟೆ ಕೂಡ ಕೊಟ್ಟು, ಪರಿಚಯವೇ ಇಲ್ಲದ ಒಬ್ಬರು ನನ್ನ ತಲೆಯ ಬಗ್ಗೆ ಅಷ್ಟು ಕಾಳಜಿ ತೋರಿಸಿದ್ದು ಮನೆಗೆ ಬರುವ ತನಕ ಮನಸ್ಸಿನಿಂದ ಹೋಗಲಿಲ್ಲ.

ಊರಲ್ಲಿ ನಾವು ಹೆಲ್ಮೆಟ್ ಹೇಗೆ ತಗೊಳ್ಳುತ್ತೇವೆ ಅಂತ ಯೋಚಿಸಿದೆ. ದೇವರಾಜ ಅರಸು ರಸ್ತೆಯಲ್ಲಿ ಒಂದು ಜೊತೆ ಚಪ್ಪಲಿಗೆ ನಾವು ನಾಲ್ಕು ಅಂಗಡಿ ಹತ್ತಿ ಇಳಿಯುತ್ತೇವೆ. ಹಾಕಿಕೊಂಡು ಹತ್ತು ಹೆಜ್ಜೆ ನಡೆದು ನೋಡುತ್ತೇವೆ, ಹೆಬ್ಬೆರಳ ಹತ್ತಿರ ಒತ್ತಿ ನೋಡುತ್ತೇವೆ, ಬೇಡ ಅನ್ನಿಸಿದರೆ ಮುಲಾಜಿಲ್ಲದೆ ಎದ್ದು ಬರುತ್ತೇವೆ. ಹೆಲ್ಮೆಟ್‌ಗೆ? ರಿಂಗ್ ರೋಡ್ ಪಕ್ಕ ಹಗ್ಗಕ್ಕೆ ನೇತು ಹಾಕಿರುತ್ತಾರೆ, ಗಾಡಿಯಿಂದ ಇಳಿಯದೇ ಬಣ್ಣ ನೋಡಿ, ಐವತ್ತು ರೂಪಾಯಿ ಚೌಕಾಸಿ ಮಾಡಿ, ಹಾಕಿಕೊಂಡು ಹೊರಟುಬಿಡುತ್ತೇವೆ.

ನಮ್ಮ ಮನೆಯಲ್ಲಿ ಅಪ್ಪನದು ಯೆಜ್ಡಿ. ಯಾದವಗಿರಿಯ ಕಾರ್ಖಾನೆಯಲ್ಲೇ ತಯಾರಾಗಿದ್ದು. ಅದು 1996ರಲ್ಲಿ ಮುಚ್ಚಿದ ಮೇಲೂ ಅಪ್ಪ ಆ ಗಾಡಿಯನ್ನು ಹತ್ತು ವರ್ಷ ಓಡಿಸಿದರು. ಪ್ರತಿ ಭಾನುವಾರ ತಾವೇ ಒರೆಸಿ ಎಣ್ಣೆ ಹಾಕುತ್ತಿದ್ದರು. ಅದಕ್ಕೆ ಒಂದೇ ಹೆಲ್ಮೆಟ್. ಅಪ್ಪ ಹೋದರೆ ಅಪ್ಪ ಹಾಕುತ್ತಿದ್ದರು, ನಾನು ಹೋದರೆ ನಾನು, ಚಿಕ್ಕಪ್ಪ ಬಂದರೆ ಚಿಕ್ಕಪ್ಪ. ನನಗೆ ಈಗ ಅರ್ಥವಾಗಿದ್ದು ಇದು. ನಮ್ಮಲ್ಲಿ ಹೆಲ್ಮೆಟ್ ಗಾಡಿಗೆ ಸೇರಿದ ಸಾಮಾನು, ಸ್ಟೆಪ್ನಿ ಇದ್ದ ಹಾಗೆ. ಇಲ್ಲಿ ಅದು ಒಬ್ಬರ ತಲೆಗೆ ಸೇರಿದ್ದು, ಕನ್ನಡಕ ಇದ್ದ ಹಾಗೆ. ಬೇರೆಯವರ ಕನ್ನಡಕ ಹಾಕಿಕೊಂಡು ಯಾರೂ ಗಾಡಿ ಓಡಿಸಲ್ಲ, ಅಲ್ವಾ?

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ನನ್ನ ತಮ್ಮ. 2017ರಲ್ಲಿ ಹುಣಸೂರು ರಸ್ತೆಯಲ್ಲಿ, ತಿರುವಿನಲ್ಲಿ ಮರಳು ಸಿಕ್ಕಿ ಬಿದ್ದ. ಜಾಸ್ತಿ ವೇಗವೂ ಇರಲಿಲ್ಲ. ಸ್ನೇಹಿತನ ಹೆಲ್ಮೆಟ್ ಹಾಕಿದ್ದ, ಕ್ಲಿಪ್ ಕೂಡ ಹಾಕಿದ್ದ. ಆದರೂ ಮೊದಲ ಪೆಟ್ಟಿಗೇ ಅದು ತಲೆಯಿಂದ ಕಳಚಿ ಚರಂಡಿಗೆ ಹೋಯಿತು. ಎರಡನೇ ಪೆಟ್ಟು ಬರಿ ತಲೆಗೆ. ಒಂಬತ್ತು ಹೊಲಿಗೆ, ಒಂದು ತಿಂಗಳು ಕಿವಿಯಲ್ಲಿ ಗುಂಯ್ ಅನ್ನೋ ಸದ್ದು. ನೋಡಲು ಬಂದ ನೆಂಟರೆಲ್ಲ ಹೇಳಿದ್ದು ಒಂದೇ ಮಾತು: "ನೋಡಿ, ಹೆಲ್ಮೆಟ್ ಹಾಕಿದ್ದರೂ ಏನು ಪ್ರಯೋಜನ?" ಆಗ ನಾನೂ ತಲೆಯಾಡಿಸಿದ್ದೆ. ಅದು ಅವನ ಅಳತೆಯದ್ದೇ ಆಗಿರಲಿಲ್ಲ ಅನ್ನೋದು ನಮ್ಮ ಯಾರಿಗೂ ಹೊಳೆಯಲಿಲ್ಲ. ಹೆಲ್ಮೆಟ್ ಒಳಗಿನ ದಪ್ಪ ಥರ್ಮಾಕೋಲ್ ಪೆಟ್ಟು ಬಿದ್ದಾಗ ನುಜ್ಜಾಗಿ, ತಲೆ ನಿಲ್ಲೋದಕ್ಕೆ ಕ್ಷಣದ ಒಂದು ತುಣುಕು ಜಾಸ್ತಿ ಸಮಯ ಕೊಡುತ್ತೆ. ಅದರ ಕೆಲಸ ಅಷ್ಟೇ, ಅದೂ ಒಂದೇ ಸಲ. ತಲೆಗೂ ಅದಕ್ಕೂ ನಡುವೆ ಬೆರಳು ಹೋಗುವಷ್ಟು ಜಾಗ ಇದ್ದರೆ ಆ ಕೆಲಸ ಸರಿಯಾಗಿ ಆಗೋದಿಲ್ಲ. ತಲೆಯ ಮೇಲೇ ನಿಲ್ಲದಿದ್ದರೆ ಆಗೋದೇ ಇಲ್ಲ. ಹಾಗೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಮುಗಿದಿರುತ್ತೆ. ತಮ್ಮನ ಸ್ನೇಹಿತ ಚರಂಡಿಯಿಂದ ತೆಗೆದು ತೊಳೆದು ಇನ್ನೂ ಎರಡು ವರ್ಷ ಅದನ್ನೇ ಹಾಕಿದ.

ಇಲ್ಲಿ ಬೈಕ್ ಕಲಿಯುವವರಿಗೆ ಸಿಬಿಟಿ ಅಂತ ಒಂದು ದಿನದ ಕಡ್ಡಾಯ ತರಬೇತಿ ಇದೆ. ಆಮೇಲೇ ಎಲ್ ಬೋರ್ಡ್ ಹಾಕಿಕೊಂಡು 125 ಸಿಸಿ ತನಕ ಓಡಿಸಬಹುದು, ಹಿಂದೆ ಯಾರನ್ನೂ ಕೂರಿಸೋ ಹಾಗಿಲ್ಲ. ಆ ದಿನ ಗಾಡಿ ಮುಟ್ಟುವ ಮುಂಚೆಯೇ ಬಟ್ಟೆಬರೆಯ ಪಾಠ. ನಮಗೆ ಕಲಿಸಿದವರು ಮೊದಲು ನೋಡಿದ್ದು ಕೈಗವಸು. ಬಿದ್ದಾಗ ಮನುಷ್ಯ ಮೊದಲು ಊರೋದು ಅಂಗೈ, ಅದು ಕಿತ್ತುಹೋದರೆ ವಾರಗಟ್ಟಲೆ ಊಟವನ್ನೂ ಬೇರೆಯವರು ಮಾಡಿಸಬೇಕು. ಜಾಕೆಟ್ ಒಳಗೆ ಒಂದು ಚೀಟಿ ಹೊಲಿದಿರುತ್ತೆ, ರಸ್ತೆಗೆ ಉಜ್ಜಿದರೆ ಎಷ್ಟು ತಡೆಯುತ್ತೆ ಅಂತ ಎ, ಎಎ, ಎಎಎ ದರ್ಜೆ, ಎಎಎ ಎಲ್ಲಕ್ಕಿಂತ ಗಟ್ಟಿ. ಬೆನ್ನಿನ ಪ್ಯಾಡ್‌ಗೂ ಎರಡು ಮಟ್ಟ. ಪರೀಕ್ಷೆಯಲ್ಲಿ ಒಂದನೇ ಮಟ್ಟದ್ದು ಸರಾಸರಿ 18 ಕಿಲೋನ್ಯೂಟನ್ ತನಕ ಪೆಟ್ಟನ್ನು ಒಳಗೆ ಬಿಡಬಹುದು, ಎರಡನೆಯದು 9 ಮಾತ್ರ. ಹೆಲ್ಮೆಟ್‌ಗಾದರೆ ಸರ್ಕಾರವೇ 2007ರಿಂದ ಶಾರ್ಪ್ ಅನ್ನೋ ಹೆಸರಲ್ಲಿ ಒಡೆದು ನೋಡಿ ಒಂದರಿಂದ ಐದು ನಕ್ಷತ್ರ ಕೊಡುತ್ತೆ. ಅಗ್ಗದ್ದಕ್ಕೆ ಐದು, ದುಬಾರಿಯದಕ್ಕೆ ಮೂರು ಬಂದಿರುವುದೂ ಉಂಟು.

ನಮ್ಮಲ್ಲಿ ಕಾನೂನು ಇಲ್ಲವಾ? ಇದೆ. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ್ದನ್ನು ದೇಶದಲ್ಲೇ ಮಾರೋ ಹಾಗಿಲ್ಲ. ಆದರೆ 2019ರಲ್ಲಿ ಹೆಲ್ಮೆಟ್ ಹಾಕದವರ ದಂಡವನ್ನು ಕೇಂದ್ರ ಸಾವಿರಕ್ಕೆ ಏರಿಸಿದಾಗ ನಮ್ಮ ರಾಜ್ಯ ಅದನ್ನು ಐನೂರಕ್ಕೆ ಇಳಿಸಿತು, ನಮ್ಮ ಮನೆಯ ವಾಟ್ಸಾಪ್ ಗುಂಪಲ್ಲಿ ಅವತ್ತು ಹಬ್ಬದ ಹಾಗೆ ಸಂತೋಷ. ನನಗೆ ತುಂಬಾ ಬೇಜಾರಾಗಿತ್ತು. ತಲೆ ಮೇಲೆ ಹೆಲ್ಮೆಟ್ ಇದೆಯಾ ಅಂತ ನೋಡುವವರು ಸಿಗ್ನಲ್‌ಗೊಬ್ಬರು. ಅದು ಸರಿಯಾಗಿ ಕೂತಿದೆಯಾ ಅಂತ ಕೇಳುವವರನ್ನು ನಾನು ಊರಲ್ಲಿ ಒಬ್ಬರನ್ನೂ ನೋಡಿಲ್ಲ.

ಅಮ್ಮನ ವಿಷಯವೇ ತಗೊಳ್ಳಿ. ತುರುಬು, ಅದಕ್ಕೆ ಒಂದು ಮೊಳ ಮಲ್ಲಿಗೆ. ತಮ್ಮನ ಹಿಂದೆ ಒಂದೇ ಬದಿಗೆ ಕೂತು ಚಾಮುಂಡಿ ಬೆಟ್ಟಕ್ಕೆ ಹೋಗುವಾಗ ಹೆಲ್ಮೆಟ್ ತುರುಬಿನ ಮೇಲೆ ಕೂತಿರುತ್ತೆ, ಹಣೆ ಪೂರ್ತಿ ಹೊರಗೆ, ಒಂದು ಕೈ ಸೆರಗಿಗೆ, ಒಂದು ಕೈ ಹೆಲ್ಮೆಟ್‌ಗೆ. ಹಿಡಿದುಕೊಳ್ಳೋದಕ್ಕೆ ಮೂರನೇ ಕೈ ಇಲ್ಲ. ಸೀರೆ ಚಕ್ರಕ್ಕೆ ಸಿಕ್ಕಬಾರದು ಅಂತ ಯೋಚಿಸಿ ಸ್ಯಾರಿ ಗಾರ್ಡ್ ಮಾಡಿದ ನಾವೇ, ತುರುಬಿಗೆ ಜಾಗ ಇರೋ ಹೆಲ್ಮೆಟ್ ಬೇಕು ಅಂತ ಯಾಕೆ ಇಷ್ಟು ವರ್ಷ ಗಟ್ಟಿಯಾಗಿ ಕೇಳಲಿಲ್ಲ?

ಇದನ್ನೆಲ್ಲ ಫೋನಲ್ಲಿ ತಮ್ಮನಿಗೆ ಹೇಳಿದೆ. ಅವನು ಸುಮ್ನೆ ಕೇಳಿಸಿಕೊಂಡು, "ಅಣ್ಣ, ನೀನು ಏಪ್ರಿಲ್‌ನಲ್ಲಿ ಬಾ. ಕೊಲಂಬಿಯಾ ಏಷ್ಯಾ ಸಿಗ್ನಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಅದನ್ನೆಲ್ಲ ಹಾಕ್ಕೊಂಡು ನಿಂತು ನೋಡು" ಅಂದ. ಉತ್ತರ ಕೊಡೋಕೆ ಆಗಲಿಲ್ಲ. ಇಲ್ಲಿ ನನ್ನ ಕಷ್ಟ ಮಂಜು, ಉಸಿರಿಗೆ ವೈಸರ್ ಮಬ್ಬಾಗೋದು. ಅವನ ಕಷ್ಟ ಬೆವರು. ಇಲ್ಲಿ ನನಗೆ ಕಾರಿದೆ, ಮಳೆ ಬಂದರೆ ಬೈಕ್ ಮನೆಯಲ್ಲೇ ಇರುತ್ತೆ. ಅವನ ಸ್ಕೂಟರ್ ಮಗಳ ಶಾಲೆಗೂ ಹೋಗಬೇಕು, ತರಕಾರಿಗೂ ಹೋಗಬೇಕು, ಆಫೀಸಿಗೂ ಹೋಗಬೇಕು. ದಿನಕ್ಕೆ ಎಂಟು ಸಲ ಹತ್ತಿ ಇಳಿಯುವವನಿಗೆ ಪ್ರತಿ ಸಲ ಜಾಕೆಟ್ಟಿನ ಜಿಪ್ ಎಳೆದುಕೋ ಅನ್ನೋದು ನ್ಯಾಯವಲ್ಲ. ಒಪ್ಪುತ್ತೇನೆ.

ಇನ್ನೊಂದೂ ಒಪ್ಪಲೇಬೇಕು. ಇಲ್ಲಿನವರೂ ಹುಟ್ಟಿನಿಂದ ಹೀಗಿರಲಿಲ್ಲ. 1935ರಲ್ಲಿ ಟಿ. ಇ. ಲಾರೆನ್ಸ್, ಮೊದಲ ಮಹಾಯುದ್ಧದಲ್ಲಿ ಹೆಸರಾದ ಬ್ರಿಟಿಷ್ ಸೇನಾಧಿಕಾರಿ, ಅದೇ ಅರೇಬಿಯಾದ ಲಾರೆನ್ಸ್, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದು ಆರು ದಿನಕ್ಕೆ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯದೆ ಬೈಕ್ ಸವಾರರ ತಲೆಪೆಟ್ಟಿನ ಬಗ್ಗೆ ಲೆಕ್ಕ ಹಾಕಿ 1941ರಲ್ಲಿ ಬರೆದರು. ಅದೇ ವರ್ಷ ಸೈನ್ಯದ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಜನಸಾಮಾನ್ಯರಿಗೆ ಆಗಿದ್ದು 1973ರಲ್ಲಿ. ಲಾರೆನ್ಸ್ ಸತ್ತು 38 ವರ್ಷದ ಮೇಲೆ.

ಸಾಮಾನು ನಮ್ಮಲ್ಲೂ ಇದೆ ಅಂತ ಹೇಳಿದವನೂ ತಮ್ಮನೇ. ವೇಗಾ ಕಂಪನಿಯ ಹೆಲ್ಮೆಟ್‌ಗಳು ನಮ್ಮ ಬೆಳಗಾವಿಯವೇ. ಮುಖ ಪೂರ್ತಿ ಮುಚ್ಚುವ, ಒಳಬಟ್ಟೆ ಬಿಚ್ಚಿ ಒಗೆಯಬಹುದಾದ ಐಎಸ್ಐ ಹೆಲ್ಮೆಟ್ ಒಂದು ಒಳ್ಳೆಯ ಜೊತೆ ಶೂಗಿಂತ ಕಡಿಮೆಗೆ ಸಿಗುತ್ತೆ. ಗಾಳಿಯಾಡುವ ಜಾಲರಿ ಬಟ್ಟೆಯ ಜಾಕೆಟ್ ಕೂಡ ಸಿಗುತ್ತೆ. ಜಾಕೆಟ್ ಆಗದಿದ್ದರೆ ಕೈಗವಸು ಆದರೂ ಹಾಕು ಅಂದೆ. ಅದಕ್ಕೆ ಹೂಂ ಅಂದ.

ದಸರಾಕ್ಕೆ ಊರಿಗೆ ಹೋದಾಗ ಅಮ್ಮನ ಹೊಲಿಗೆ ಮೆಷಿನ್ ಡ್ರಾಯರ್‌ನಿಂದ ಟೇಪು ತೆಗೆದು ಎಲ್ಲರ ತಲೆ ಅಳೆದೆ. ತಮ್ಮನದು 59. ತಮ್ಮನ ಮಗಳದು 51, ಅವಳು ಇನ್ನೊಂದು ಸಲ ಅಳೆಯಿರಿ ದೊಡ್ಡಪ್ಪ ಅಂತ ನಾಲ್ಕು ಸಲ ಅಳೆಸಿಕೊಂಡಳು. ಅಮ್ಮ ಒಲೆ ಮುಂದಿನಿಂದ ಏಳಲೇ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ತಾವೇ ತುರುಬು ಬಿಚ್ಚಿ, ಕತ್ತಿನ ಹತ್ತಿರ ಸಡಿಲವಾಗಿ ಜಡೆ ಹಾಕಿಕೊಂಡು ಬಂದು ಕೂತರು. 55. "ಹೂವು ಬ್ಯಾಗಲ್ಲಿ ಇಟ್ಕೊಂಡು ಹೋಗಿ, ಬೆಟ್ಟದ ಮೇಲೆ ಮುಡ್ಕೋತೀನಿ ಬಿಡು" ಅಂದರು.