ಅವರು ಉಂಡರು, ನಾವು ನೋಡಿದೆವು

ಮೊನ್ನೆ ಬೆಳಿಗ್ಗೆ ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಇಡ್ಲಿ ತಟ್ಟೆ ಹಿಡಿದು ನಿಂತಿದ್ದೆ. ಗೋಡೆಯ ಟಿವಿಯಲ್ಲಿ ಇನ್ನೊಂದು ತಟ್ಟೆ ಗಿರಗಿರ ತಿರುಗುತ್ತಿತ್ತು. ಗ್ರಾಫಿಕ್ಸ್ ತಟ್ಟೆ. ಅದರಿಂದ ನಾಲ್ಕು ಬಾಣ ಹೊರಟಿದ್ದವು. ಒಂದರ ತುದಿಗೆ ಇಡ್ಲಿ, ಒಂದರ ತುದಿಗೆ ಉಪ್ಪಿಟ್ಟು, ಇನ್ನೊಂದಕ್ಕೆ ನಾಟಿ ಕೋಳಿ ಸಾರು. ನಾಲ್ಕನೆಯದಕ್ಕೆ ಬರೀ ಪ್ರಶ್ನೆ ಚಿಹ್ನೆ. ಇಬ್ಬರು ನಾಯಕರು ಒಟ್ಟಿಗೆ ತಿಂಡಿಗೆ ಕೂತಿದ್ದಾರಂತೆ. ಗೇಟಿನ ಹೊರಗಿದ್ದ ವರದಿಗಾರ ಏದುಸಿರು ಬಿಡುತ್ತಾ ಹೇಳಿದ: ‘ಈಗಷ್ಟೇ ಒಂದು ಹಾಟ್‌ಬಾಕ್ಸ್ ಒಳಗೆ ಹೋಗಿದೆ.’ ಸ್ಟುಡಿಯೋದಿಂದ ಪ್ರಶ್ನೆ ಬಂತು: ‘ದೊಡ್ಡದಾ, ಚಿಕ್ಕದಾ?’ ‘ಮಧ್ಯಮ ಗಾತ್ರದ್ದು. ನೀಲಿ ಮುಚ್ಚಳ.’ ಕೂಡಲೇ ಪರದೆಯ ಕೆಳಗೆ ಕೆಂಪು ಪಟ್ಟಿ ಓಡಿತು: ನೀಲಿ ಮುಚ್ಚಳದ ಮರ್ಮವೇನು?

ದರ್ಶಿನಿಯಲ್ಲಿದ್ದ ಇಪ್ಪತ್ತು ಜನವೂ ಕತ್ತೆತ್ತಿ ನಿಂತಿದ್ದೆವು. ನಮ್ಮ ಇಡ್ಲಿ ಆರಿ ಕಲ್ಲಾಯಿತು. ಅವರ ಇಡ್ಲಿ ಬಿಸಿ ಇದೆಯೋ ಇಲ್ಲವೋ ಅನ್ನುವುದೇ ನಮ್ಮ ಚಿಂತೆ.

ಇದಕ್ಕೆ ‘ಔತಣಕೂಟ ರಾಜಕೀಯ’ ಅಂತ ಹೆಸರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತದೆ ಗಾದೆ. ರಾಜಕಾರಣದಲ್ಲಿ ಮಾತ್ರ ಉಂಡು ಕೈ ತೊಳೆದ ಮೇಲೆಯೇ ಜಗಳ ಶುರು. ಒಬ್ಬರು ಊಟಕ್ಕೆ ಕರೆದರೆ ಯಾರನ್ನು ಕರೆಯಲಿಲ್ಲ ಅನ್ನುವುದು ಸುದ್ದಿ. ಕರೆಯದವರು ವಾರದೊಳಗೆ ತಮ್ಮದೇ ಊಟ ಹಾಕಿಸುತ್ತಾರೆ. ‘ಊಟದಲ್ಲಿ ರಾಜಕೀಯ ಹುಡುಕಬೇಡಿ, ಸುಮ್ನೆ ಸೇರಿದ್ವಿ’ ಅಂತ ಎರಡೂ ಕಡೆಯ ಹೇಳಿಕೆ. ಸುಮ್ನೆ ಸೇರಿದವರ ಮನೆ ಮುಂದೆ ಹನ್ನೆರಡು ಕ್ಯಾಮೆರಾ.

ಎಲ್ಲ ಟಿವಿಯವರ ಕರ್ಮ ಅಂತ ಬೈಯುವವರಿದ್ದಾರೆ. ಪಾಪ, ಟಿವಿಯವರು ಹೊಸದಾಗಿ ಏನೂ ಕಂಡುಹಿಡಿದಿಲ್ಲ. ದೊಡ್ಡವರು ಉಣ್ಣುವುದನ್ನು ಉಳಿದವರು ನಿಂತು ನೋಡುವ ಆಟಕ್ಕೆ ನೂರಾರು ವರ್ಷ ವಯಸ್ಸಾಗಿದೆ.

ಫ್ರಾನ್ಸಿನ ಹದಿನಾಲ್ಕನೇ ಲೂಯಿ ದೊರೆಯನ್ನೇ ತಗೊಳ್ಳಿ. ವರ್ಸೈ ಅರಮನೆಯಲ್ಲಿ ಅವನ ರಾತ್ರಿಯೂಟ ಎಲ್ಲರೆದುರೇ ನಡೆಯುತ್ತಿತ್ತು. ಮರ್ಯಾದಸ್ಥರಂತೆ ಬಟ್ಟೆ ಹಾಕಿಕೊಂಡವರು ಯಾರು ಬೇಕಾದರೂ ಅರಮನೆಗೆ ಹೋಗಿ ನೋಡಬಹುದಿತ್ತು. ಗಂಡಸರ ಸೊಂಟದಲ್ಲಿ ಕತ್ತಿ ಇರಬೇಕು, ಅಷ್ಟೇ. ಕತ್ತಿ ಇಲ್ಲದವರಿಗೆ ಗೇಟಿನಲ್ಲೇ ಬಾಡಿಗೆಗೆ ಸಿಗುತ್ತಿತ್ತು. ಥಿಯೇಟರಿನಲ್ಲಿ ತ್ರೀಡಿ ಕನ್ನಡಕ ಕೊಟ್ಟು ವಾಪಸ್ ಇಸ್ಕೊಳ್ತಾರಲ್ಲ, ಹಾಗೆ. ಅಡುಗೆಮನೆ ಇದ್ದದ್ದು ರಸ್ತೆಯಾಚೆಯ ಬೇರೆ ಕಟ್ಟಡದಲ್ಲಿ. ಅಲ್ಲಿಂದ ತಟ್ಟೆಗಳು ಕಾವಲಿನವರ ಜೊತೆ ಮೆರವಣಿಗೆಯಲ್ಲಿ ಬರುತ್ತಿದ್ದವು. ‘ದೊರೆಯ ಊಟ’ ಅಂತ ಕೂಗಿದರೆ ದಾರಿಯಲ್ಲಿದ್ದವರು ಟೋಪಿ ತೆಗೆದು ಬಾಗಬೇಕು. ಹಾಟ್‌ಬಾಕ್ಸ್ ಇನ್ನೂ ಹುಟ್ಟಿರಲಿಲ್ಲ. ಅಷ್ಟೆಲ್ಲ ಗೌರವ ಸ್ವೀಕರಿಸಿ ಮೇಜು ತಲುಪುವ ಹೊತ್ತಿಗೆ ಎಲ್ಲ ತಣ್ಣಗೆ.

ದೊರೆ ಏನೇನು ತಿನ್ನುತ್ತಿದ್ದ ಅನ್ನುವುದು ನಮಗೆ ಗೊತ್ತಿರುವುದು ಅವನ ತಮ್ಮನ ಹೆಂಡತಿಯಿಂದ. ನಾಲ್ಕು ತಟ್ಟೆ ಸೂಪು, ಒಂದು ಇಡೀ ಫೆಸೆಂಟ್ ಹಕ್ಕಿ, ಒಂದು ಕವುಜುಗ, ದೊಡ್ಡ ತಟ್ಟೆ ತುಂಬ ಸಲಾಡ್, ಬೆಳ್ಳುಳ್ಳಿ ಹಾಕಿದ ಕುರಿಮಾಂಸ, ಹಂದಿಮಾಂಸದ ಎರಡು ತುಂಡು, ಸಿಹಿತಿಂಡಿ, ಹಣ್ಣು, ಮೇಲೆ ಬೇಯಿಸಿದ ಮೊಟ್ಟೆ. ಭಾವ ಎಷ್ಟು ತಟ್ಟೆ ತಿಂದ ಅಂತ ಎಣಿಸಿ ಊರಿಗೆಲ್ಲ ಕಾಗದ ಬರೆದಳು ಪುಣ್ಯಾತ್ಗಿತ್ತಿ. ‘ಬಲ್ಲ ಮೂಲಗಳು’ ಅಂದರೆ ಇವೇ.

ಆದರೂ ಈ ವಿದ್ಯೆಯಲ್ಲಿ ಎಲ್ಲರ ಗುರು ಅಂದರೆ ಈಗಿನ ಫ್ರಾನ್ಸಿನಲ್ಲಿರುವ ಬರ್ಗಂಡಿ ಸೀಮೆಯ ಒಡೆಯ, ಡ್ಯೂಕ್ ಫಿಲಿಪ್. 1453ರಲ್ಲಿ ತುರ್ಕಿ ಸುಲ್ತಾನ ಎರಡನೇ ಮೆಹಮದ್ ಕ್ರೈಸ್ತರ ಕೈಯಲ್ಲಿದ್ದ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಗೆದ್ದುಕೊಂಡ. ಹೇಗಾದರೂ ಅದನ್ನು ಬಿಡಿಸಿಕೊಳ್ಳಬೇಕು ಅಂತ ಯುರೋಪಿನಲ್ಲಿ ಗುಲ್ಲೆದ್ದಿತು. ಫಿಲಿಪ್ ತಕ್ಷಣ ಕ್ರಮ ಕೈಗೊಂಡ. 1454ರ ಫೆಬ್ರವರಿ 17ರಂದು ಲಿಲ್ ಊರಿನಲ್ಲಿ ಊಟ ಹಾಕಿಸಿದ.

ಮೇಜಿನ ಮೇಲೊಂದು ದೈತ್ಯ ಪೈ. ಪೈ ಅಂದರೆ ಕಣಕದೊಳಗೆ ಹೂರಣ ತುಂಬಿ ಬೇಯಿಸಿದ್ದು, ನಮ್ಮ ಕಡುಬಿನ ದೂರದ ನೆಂಟ. ಈ ಕಡುಬಿಗೆ 28 ಜನ ವಾದ್ಯಗಾರರ ಹೂರಣ. ಒಳಗೇ ಕೂತು ಬಾರಿಸುತ್ತಿದ್ದರು. ಇನ್ನೊಂದು ಮೇಜಿನ ಮೇಲೆ ಗಂಟೆ ಸಮೇತ ಒಂದು ಚರ್ಚು, ಅದರೊಳಗೆ ಹಾಡುಗಾರರು. ಪುಟ್ಟ ಹುಡುಗನ ಬೊಂಬೆಯೊಂದು ಉಚ್ಚೆ ಹೊಯ್ಯುತ್ತಿತ್ತು. ಅದು ಪನ್ನೀರು. (ಮದುವೆಮನೆ ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಲ್ಲುವ ಮಕ್ಕಳಿಗೆ ಇದನ್ನು ಹೇಳಬೇಡಿ.) ಒಂದು ಬತ್ತಲೆ ಹೆಣ್ಣಿನ ಪ್ರತಿಮೆಯ ಎದೆಯಿಂದ ಮಸಾಲೆ ವೈನ್ ಸುರಿಯುತ್ತಿತ್ತು. ಪಕ್ಕದಲ್ಲೇ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ ಸಿಂಹ, ಜೀವ ಇರುವ ಸಿಂಹ. ‘ನಮ್ಮ ಒಡತೀನ ಮುಟ್ಟಬೇಡಿ’ ಅನ್ನುವ ಅರ್ಥದ ಬೋರ್ಡು ಬೇರೆ. ಊಟ ಮಾಡದೆ ಬರೀ ನೋಡುವವರಿಗಾಗಿ ಅಟ್ಟಣಿಗೆಗಳನ್ನೇ ಕಟ್ಟಿಸಿದ್ದರು. ಲೈವ್ ಕೌಂಟರ್ ಇಟ್ಟೆವು ಅಂತ ಬೀಗುವ ನಮ್ಮ ಛತ್ರದ ಕ್ಯಾಟರಿಂಗ್‌ನವರು ಒಮ್ಮೆ ಯೋಚಿಸಬೇಕು.

ಅಷ್ಟರಲ್ಲಿ ರಾಕ್ಷಸನಂಥವನೊಬ್ಬ ಆನೆ ನಡೆಸಿಕೊಂಡು ಬಂದ. ಆನೆ ಬೆನ್ನಿನ ಮೇಲೆ ಗೋಪುರ, ಗೋಪುರದಲ್ಲಿ ಅಳುತ್ತಾ ಕೂತ ಹೆಂಗಸು. ಕಷ್ಟದಲ್ಲಿರುವ ಪವಿತ್ರ ಚರ್ಚಿನ ಪ್ರತೀಕ ಆಕೆ. ಆ ಹೆಣ್ಣುವೇಷ ಕಟ್ಟಿದ್ದವನು ಒಲಿವಿಯೆ ದ ಲಾ ಮಾರ್ಶ್ ಎಂಬ ಆಸ್ಥಾನದವನು ಅಂತಾರೆ. ಆಮೇಲೆ ಕೂತು ಈ ಔತಣದ ಉದ್ದನೆಯ ವರದಿ ಬರೆದವನೂ ಅವನೇ. ತಾನೇ ಆನೆ ಏರಿ ಅತ್ತು, ತಾನೇ ಇಳಿದು ‘ನೋಡಿದವರ ಕರುಳು ಕಿತ್ತುಬಂತು’ ಅನ್ನುವ ಪತ್ರಕರ್ತರು ಈಗ ಇಲ್ಲ, ಅಲ್ವಾ?

ಅಳು ಮುಗಿದ ಮೇಲೆ ಕುತ್ತಿಗೆಗೆ ಒಡವೆ ತೊಡಿಸಿದ ಒಂದು ಫೆಸೆಂಟ್ ತಂದರು. ಫೆಸೆಂಟ್ ಅಂದರೆ ಕಾಡುಕೋಳಿ ಬಳಗದ ಹಕ್ಕಿ. ಜೀವಂತವಾಗಿತ್ತು. ಅದರ ಮುಂದೆ ಡ್ಯೂಕ್ ಪ್ರಮಾಣ ಮಾಡಿದ. ಮೊದಲು ದೇವರ ಮೇಲೆ, ಆಮೇಲೆ ಮೇರಿ ಮಾತೆಯ ಮೇಲೆ, ಆಮೇಲೆ ಹೆಂಗಸರ ಮೇಲೆ, ಕೊನೆಗೆ ಕೋಳಿ ಮೇಲೆ ಆಣೆ. ಯುದ್ಧಕ್ಕೆ ಹೋಗುತ್ತೇನೆ, ಬೇಕಾದರೆ ಸುಲ್ತಾನನ ಜೊತೆ ಒಂಟಿಯಾಗಿ ಕಾದುತ್ತೇನೆ ಅಂದ. ಡ್ಯೂಕನಿಗೆ ಆಗ 57, ಸುಲ್ತಾನನಿಗೆ 21. ನಡುವೆ ‘ಫ್ರಾನ್ಸಿನ ದೊರೆ ಹೊರಟರೆ’ ಮೊದಲಾದ ಷರತ್ತುಗಳೂ ಇದ್ದವು. ‘ಷರತ್ತುಗಳು ಅನ್ವಯ’ ಅನ್ನುವುದನ್ನು ಮ್ಯೂಚುವಲ್ ಫಂಡ್‌ನವರು ಕಲಿತದ್ದು ಇಲ್ಲಿಂದಲೇ ಇರಬೇಕು.

ಒಡೆಯನೇ ಆಣೆ ಇಟ್ಟ ಮೇಲೆ ಉಳಿದವರು ಬಿಡುತ್ತಾರೆಯೇ? ಸಾಲು ಹಚ್ಚಿದರು. ಒಬ್ಬ ಶತ್ರುವಿನ ಮೇಲೆ ಕೈ ಮಾಡುವ ತನಕ ಶನಿವಾರ ಹಾಸಿಗೆಯಲ್ಲಿ ಮಲಗುವುದಿಲ್ಲ ಅಂದ. ಇನ್ನೊಬ್ಬ ಮಂಗಳವಾರ ಊಟದ ಮೇಜಿಗೆ ಕೂರುವುದಿಲ್ಲ ಅಂದ. ನಮ್ಮಜ್ಜಿ ಬದುಕಿರುವ ತನಕ ಶನಿವಾರ ಒಪ್ಪತ್ತು ಮಾಡಿದಳು, ಯಾವ ಸುಲ್ತಾನನ ಹೆಸರೂ ಎತ್ತದೆ.

ಡ್ಯೂಕ್ ಫಿಲಿಪ್ 1467ರಲ್ಲಿ ತೀರಿಕೊಂಡ, ತನ್ನ ನಾಡಿನಲ್ಲೇ. ಸುಲ್ತಾನನ ಮುಖವನ್ನೂ ನೋಡಲಿಲ್ಲ. ‘ಧರ್ಮಸ್ಥಳಕ್ಕೆ ಬನ್ನಿ, ಮಂಜುನಾಥನ ಮುಂದೆ ಆಣೆ ಮಾಡೋಣ’ ಅಂತ ಪರಸ್ಪರ ಸವಾಲು ಹಾಕುವ ನಮ್ಮ ಮುಖಂಡರು ಕೋಳಿಯನ್ನು ಯಾಕೆ ಬಳಸಿಕೊಂಡಿಲ್ಲವೋ. ಹೇಗೂ ಸಾರು ಮಾಡೋಕೆ ತಂದಿರುತ್ತಾರೆ.

ದುಡ್ಡು ಜಾಸ್ತಿಯಾದರೆ ಕೋಳಿ ಕೂಡ ಸಾಲದು. 1903ರಲ್ಲಿ ನ್ಯೂಯಾರ್ಕಿನ ಶ್ರೀಮಂತ ಸಿ.ಕೆ.ಜಿ. ಬಿಲ್ಲಿಂಗ್ಸ್ ಶೆರ್ರೀಸ್ ಹೋಟೆಲಿನ ಮಹಡಿಯ ನೃತ್ಯಶಾಲೆಗೆ ಲಿಫ್ಟಿನಲ್ಲಿ ಕುದುರೆಗಳನ್ನು ಹತ್ತಿಸಿದ. ಸ್ನೇಹಿತರು ಸೂಟು ಹಾಕಿ ಕುದುರೆ ಮೇಲೇ ಕೂತು ಉಂಡರು. ಜೀನಿನ ಚೀಲದಿಂದ ರಬ್ಬರ್ ಕೊಳವೆಯಲ್ಲಿ ಶಾಂಪೇನ್ ಹೀರಿದರು. ಫೋಟೋ ಇವತ್ತಿಗೂ ಇದೆ. ಫೋಟೋದಲ್ಲಿ ಯಾರ ಮುಖದಲ್ಲೂ ರುಚಿ ಕಾಣುವುದಿಲ್ಲ, ಕುದುರೆಗಳನ್ನೂ ಸೇರಿಸಿ.

ನಗು ನಿಲ್ಲುವ ಜಾಗವೂ ಒಂದಿದೆ. 1877ರ ಜನವರಿ 1ರಂದು ವೈಸ್‌ರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿದ, ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಅಂತ ಸಾರುವುದಕ್ಕೆ. ರಾಣಿ ಬಂದಿರಲಿಲ್ಲ. ರಾಜರು, ನವಾಬರು, ಅಧಿಕಾರಿಗಳು ಬಂದಿದ್ದರು. ದಿನಗಟ್ಟಲೆ ಔತಣ. ಅದೇ ಹೊತ್ತಿಗೆ ನಮ್ಮಲ್ಲಿ ಧಾತು ಸಂವತ್ಸರದ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. ಆ ಸೀಮೆಯೊಂದರಲ್ಲೇ ಸುಮಾರು 10 ಲಕ್ಷ ಜನ ಸತ್ತರು. ಬಳ್ಳಾರಿ ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೆ ಅದೇ ವರ್ಷ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಿದರು. ಬರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯ ಸಾಕು ಅಂತ ಅವನು ಲೆಕ್ಕ ಹಾಕಿದ. ದಿಲ್ಲಿಯ ಊಟಕ್ಕೆ ಯಾರೂ ತಕ್ಕಡಿ ತರಲಿಲ್ಲ.

ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಊಟವನ್ನೂ ಆಟವನ್ನೂ ಅಚ್ಚುಕಟ್ಟಾಗಿ ವಿಂಗಡಿಸಿದ್ದ. ಅವನ ‘ಮಾನಸೋಲ್ಲಾಸ’ ಗ್ರಂಥದಲ್ಲಿ ಅನ್ನ ಇರುವುದು ಉಪಭೋಗದ ಭಾಗದಲ್ಲಿ. ದೋಸೆ, ವಡೆ, ಇಡ್ಲಿಯ ಮುತ್ತಜ್ಜಿಯಂಥ ಇಡ್ಡರಿಕೆ ಎಲ್ಲ ಅಲ್ಲೇ. ಸಂಗೀತ, ಕುಣಿತ, ಮಲ್ಲರ ಕುಸ್ತಿ, ಕೋಳಿ ಅಂಕ ಬರುವುದು ಮುಂದಿನ ವಿನೋದದ ಭಾಗದಲ್ಲಿ. ಉಣ್ಣುವ ಕೋಳಿ ಬೇರೆ, ಆಡಿಸುವ ಕೋಳಿ ಬೇರೆ. ನಮ್ಮವರು ಎರಡು ಅಧ್ಯಾಯವನ್ನೂ ಸೇರಿಸಿ ಹೊಲಿದುಬಿಟ್ಟರು.

ದರ್ಶಿನಿಯಿಂದ ಆಫೀಸಿಗೆ ಹೋಗುವ ದಾರಿಯಲ್ಲೇ ನಾಯಕರು ತಿಂಡಿಗೆ ಕೂತಿದ್ದ ಆ ಮನೆ. ಬೈಕು ನಿಧಾನ ಮಾಡಿದೆ. ಸಾಲಾಗಿ ಟಿವಿಯವರ ಓಬಿ ವ್ಯಾನುಗಳು. ಕ್ಯಾಮೆರಾದ ಹುಡುಗನೊಬ್ಬ ಫುಟ್‌ಪಾತಿನ ಮೇಲೆ ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದ. ಎರಡು ತುತ್ತು ಇಳಿದಿರಬೇಕು, ಗೇಟು ಕಿರ್ ಅಂದಿತು. ಅರಿಶಿನದ ಬೆರಳಲ್ಲೇ ಕ್ಯಾಮೆರಾ ಹೆಗಲಿಗೇರಿಸಿ ಓಡಿದ. ಹೊರಗೆ ಬಂದದ್ದು ಸೆಕ್ಯುರಿಟಿಯವನು. ಕುತ್ತಿಗೆಗೆ ಏಳೆಂಟು ಮೈಕು ಮುತ್ತಿದವು.

‘ತಿಂಡಿ ಆಯ್ತಾ?’

‘ಎಲ್ಲಿ ಸಾರ್, ಇನ್ನೂ ಇಲ್ಲ. ಡ್ಯೂಟಿ ಬದಲಾಗೋ ತನಕ ಬಿಡಲ್ಲ.’

ಸಿಗ್ನಲ್‌ನಲ್ಲಿ ನಿಂತಾಗ ಫೋನ್ ತೆಗೆದು ನೋಡಿದೆ. ಕೆಂಪು ಪಟ್ಟಿ ಆಗಲೇ ಓಡುತ್ತಿತ್ತು: ಇನ್ನೂ ಮುಗಿಯದ ತಿಂಡಿ, ಡ್ಯೂಟಿ ಬದಲಾವಣೆ ಬಳಿಕವೇ ನಿರ್ಧಾರ: ಬಲ್ಲ ಮೂಲಗಳು.