ನಗದು ಎಂದರೆ ಇಪ್ಪತ್ತು ಕವನ ಸಂಕಲನ

ನನ್ನ ವಿದ್ಯಾರ್ಥಿನಿಗೆ ಕಾದಂಬರಿಯ ಮೇಲಿನ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಅಭಿನಂದಿಸುವವರು ದಯವಿಟ್ಟು ಸ್ವಲ್ಪ ತಡೆಯಿರಿ.

ನಾನು ಬೀಳಗಿ ತಾಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಕಳೆದ ವರ್ಷ ಬಾಗಲಕೋಟೆಯ ಒಂದು ಸಾಹಿತ್ಯ ಬಳಗದಿಂದ ಕರಪತ್ರ ಬಂತು. ನಮ್ಮ ಸೀಮೆಯ ಲೇಖಕ ರಾವಬಹಾದ್ದೂರರ ‘ಗ್ರಾಮಾಯಣ’ ಓದಿ ಪ್ರಬಂಧ ಬರೆಯಬೇಕು. ಕಾದಂಬರಿಯ ಹೆಸರಿಗಿಂತಲೂ ದಪ್ಪ ಅಕ್ಷರದಲ್ಲಿ ‘ಪ್ರಥಮ ಬಹುಮಾನ ನಗದು 5,000 ರೂಪಾಯಿ’ ಎಂದು ಅಚ್ಚಾಗಿತ್ತು. ನಗದು ಎಂದು ಬರೆದವರು ಅವರೇ, ನಾನಲ್ಲ. ಪ್ರವೇಶ ಶುಲ್ಕ 100 ರೂಪಾಯಿ. ಅದನ್ನು ಮಾತ್ರ ನಿಜವಾದ ನಗದಿನಲ್ಲೇ ತೆಗೆದುಕೊಂಡರು.

ಆ ಹುಡುಗಿಯನ್ನು ಒಪ್ಪಿಸಿದವನು ನಾನೇ. ಅದೇ ಈಗ ನನ್ನನ್ನು ಸುಡುತ್ತಿರುವುದು. ಕಬ್ಬಿನ ಕಟಾವಿನ ದಿನಗಳು. ಮನೆಯಲ್ಲಿ ಕೆಲಸ ಬಿಟ್ಟು ಕೂರುವಂತಿರಲಿಲ್ಲ. “ಐದು ಸಾವಿರ ಬಂದರೆ ಮುಂದಿನ ವರ್ಷದ ಪ್ರವೇಶಕ್ಕೆ ಆಗುತ್ತದೆ, ಬರೆಯವ್ವಾ” ಎಂದೆ. ನನ್ನ ಮಾತು ನಂಬಿ ಅವಳು ಹೂಂ ಎಂದಳು.

ಇನ್ನು ಪುಸ್ತಕ ಎಲ್ಲಿ? 1957ರಲ್ಲಿ ಬಂದ ಕಾದಂಬರಿ. ಅಂಗಡಿಯವರು ತರಿಸಿಕೊಡುತ್ತೇವೆ ಎಂದವರು ತರಿಸಲಿಲ್ಲ. ಸ್ಪರ್ಧೆ ಇಟ್ಟವರಿಗೆ ಫೋನ್ ಮಾಡಿದರೆ “ನಮ್ಮ ಹತ್ತಿರವೂ ಇಲ್ಲ ಗುರುಗಳೇ, ನೀವೇ ಎಲ್ಲಾದರೂ ನೋಡಿಕೊಳ್ಳಿ” ಎಂಬ ಉತ್ತರ. ಕೊನೆಗೆ ಗ್ರಂಥಾಲಯದಲ್ಲಿ ಬೆನ್ನು ಕಿತ್ತುಹೋದ ಒಂದು ಪ್ರತಿ ಸಿಕ್ಕಿತು. ಅದನ್ನು ಮನೆಗೆ ಕೊಡುವುದಿಲ್ಲವೆಂದರು. ಹುಡುಗಿ ಕಾಲೇಜು ಬಿಟ್ಟ ಮೇಲೆ ದಿನವೂ ಅಲ್ಲೇ ಕುಳಿತು ಓದಿದಳು, ಬೇಕಾದ ಭಾಗಗಳನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡಳು. ಸಂಜೆಯ ಬಸ್ಸು ಎರಡು ಸಲ ತಪ್ಪಿತು.

ಅವಳು ಬರೆದದ್ದನ್ನು ಓದಿ ನಾನು ಅರ್ಧ ತಾಸು ಸುಮ್ಮನೆ ಕುಳಿತಿದ್ದೆ. ಅವಳ ಹಿರಿಯರ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದೆ. ಅವಳು ಹುಟ್ಟಿದ್ದು ಪುನರ್ವಸತಿ ಕೇಂದ್ರದಲ್ಲಿ. ಕಾದಂಬರಿಯ ಪಾದಳ್ಳಿಯನ್ನು ಅಲ್ಲಿನ ಜನರೇ ಹಾಳುಮಾಡಿಕೊಂಡರು, ನಮ್ಮ ಊರನ್ನು ನೀರು ನುಂಗಿತು, ಆದರೆ ಹಳೆಯ ಜಗಳಗಳು ಮಾತ್ರ ಮುಳುಗಲಿಲ್ಲ, ಪರಿಹಾರದ ಹಣದ ಜೊತೆಗೇ ಹೊಸ ಊರಿಗೆ ಬಂದವು ಎಂದು ಬರೆದಿದ್ದಳು. ಹದಿನೇಳು ವರ್ಷದ ಹುಡುಗಿ! ಇಷ್ಟು ವರ್ಷ ಪಾಠ ಹೇಳಿಯೂ ನನಗೆ ಹೊಳೆಯದ ಮಾತು.

ಬಹುಮಾನ ವಿತರಣೆ ಬಾಗಲಕೋಟೆಯ ನವನಗರದಲ್ಲಿ. ಹತ್ತಕ್ಕೆ ಎಂದಿದ್ದ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಯಿತು. ವೇದಿಕೆಯ ಮೇಲೆ ಹದಿನಾಲ್ಕು ಜನ, ಹದಿನಾಲ್ಕು ಶಾಲು, ಹದಿನಾಲ್ಕು ಹಾರ. ಮುಖ್ಯ ಅತಿಥಿಗಳು ಗ್ರಾಮಾಯಣದಿಂದ ರಾಮಾಯಣಕ್ಕೆ ಹೋದವರು ಮರಳಿ ಬರಲೇ ಇಲ್ಲ. ಇಂದಿನ ಮಕ್ಕಳು ಓದುವುದಿಲ್ಲ ಎಂದು ಮೂವರು ಮರುಗಿದರು. ಓದಿದ ಮಕ್ಕಳು ಊಟವಿಲ್ಲದೆ ಎದುರಿಗೇ ಕುಳಿತಿದ್ದರು.

ಅವಳ ಹೆಸರು ಕೂಗಿದಾಗ ಮೂರು ಗಂಟೆ ದಾಟಿತ್ತು. ಬಣ್ಣದ ಕಾಗದ ಸುತ್ತಿದ ದೊಡ್ಡ ಗಂಟೊಂದನ್ನು ಕೈಗಿಟ್ಟು ಫೋಟೊ ತೆಗೆದರು. ಕೆಳಗೆ ಬಂದು ಬಿಚ್ಚಿದೆವು. ಬಳಗದ ಅಧ್ಯಕ್ಷರ ಕವನ ಸಂಕಲನ. ಒಂದೇ ಸಂಕಲನದ ಇಪ್ಪತ್ತು ಪ್ರತಿ! ಮುಖಬೆಲೆ 250 ರೂಪಾಯಿ. ಇಪ್ಪತ್ತರಿಂದ ಗುಣಿಸಿ ನೋಡಿ, ಲೆಕ್ಕದಲ್ಲಿ ಒಂದು ಪೈಸೆಯ ಮೋಸವಿಲ್ಲ. ಎರಡನೆಯ ಬಹುಮಾನ 3,000ದ್ದು. ಆ ಹುಡುಗನ ಗಂಟಿನಲ್ಲಿ ಹನ್ನೆರಡು ಪ್ರತಿ ಇದ್ದವು. ಇಡೀ ರಾಶಿಯಲ್ಲಿ ‘ಗ್ರಾಮಾಯಣ’ದ ಒಂದೇ ಒಂದು ಪ್ರತಿ ಇರಲಿಲ್ಲ.

ಅಧ್ಯಕ್ಷರ ಹತ್ತಿರ ಹೋಗಿ, ಕರಪತ್ರ ತೋರಿಸಿ, ಮೆತ್ತಗೆ ಕೇಳಿದೆ. ಅವರು ನಕ್ಕರು. “ಗುರುಗಳೇ, ರೊಕ್ಕ ಇವತ್ತು ಬರುತ್ತದೆ, ನಾಳೆ ಹೋಗುತ್ತದೆ. ಪುಸ್ತಕ ಶಾಶ್ವತ” ಎಂದರು. ನಂತರ ಹುಡುಗಿಯ ಕಡೆಗೆ ತಿರುಗಿ, ನಾಲ್ಕು ಜನರ ಮುಂದೆ, “ಏನವ್ವಾ, ನೀನು ರೊಕ್ಕಕ್ಕಾಗಿ ಓದಿದೆಯೇನು?” ಎಂದರು.

ಅವಳು ತಲೆ ತಗ್ಗಿಸಿದಳು.

ಹೌದು ಸ್ವಾಮೀ, ರೊಕ್ಕಕ್ಕಾಗಿಯೇ ಓದಲು ಶುರುಮಾಡಿದಳು. ದಪ್ಪ ಅಕ್ಷರದಲ್ಲಿ ಆಸೆ ಹುಟ್ಟಿಸಿದವರು ಯಾರು? ಕೊಡುವ ಶಕ್ತಿ ಇಲ್ಲದಿದ್ದರೆ ‘ಪ್ರಮಾಣಪತ್ರ ಮಾತ್ರ’ ಎಂದು ಹಾಕಬೇಕಿತ್ತು. ಆಗಲೂ ನಾನು ಬರೆಸುತ್ತಿದ್ದೆ. ಪ್ರವೇಶ ಶುಲ್ಕ ವಸೂಲು ಮಾಡುವಾಗ, ಹದಿನಾಲ್ಕು ಶಾಲು ಕೊಳ್ಳುವಾಗ ಹಣ ಹೇಸಿಗೆಯಾಗಿರಲಿಲ್ಲ. ಕಬ್ಬು ಕಡಿಯುವವನ ಮಗಳ ಕೈಗೆ ಕೊಡುವ ಹೊತ್ತಿಗೆ ಮಾತ್ರ ಸರಸ್ವತಿಗೆ ಲಕ್ಷ್ಮಿಯ ಮೈಲಿಗೆ ತಟ್ಟಿಬಿಟ್ಟಿತೇ? ಇದನ್ನೆಲ್ಲ ಅಲ್ಲೇ ಹೇಳಬೇಕಾಗಿತ್ತು. ಹೇಳಲಿಲ್ಲ. ಶಾಲು ಹೊದ್ದವರ ಮುಂದೆ ಬಾಯಿ ಕಟ್ಟುತ್ತದೆ ನೋಡಿ, ಅದು ನಮ್ಮ ಕಸುಬಿನ ಹಳೆಯ ರೋಗ.

ಮರಳುವಾಗ ಶಕ್ತಿ ಯೋಜನೆಯ ಪುಣ್ಯದಿಂದ ಅವಳಿಗೆ ಬಸ್ಸು ಉಚಿತ. ಗಂಟು ನೋಡಿದ ನಿರ್ವಾಹಕರು “ಪುಸ್ತಕದ ಅಂಗಡಿ ಇಡುತ್ತೀಯೇನವ್ವಾ?” ಎಂದು ಕೇಳಿದರು. ಅವಳು ನಕ್ಕಳು. ನನಗೆ ನಗಲಾಗಲಿಲ್ಲ. ಕಾಲೇಜಿನ ಪ್ರವೇಶ ಶುಲ್ಕವನ್ನು ನಾನು ಕಟ್ಟುತ್ತೇನೆಂದರೆ ಅವಳ ಅಪ್ಪ ಒಪ್ಪಲಿಲ್ಲ, ಸಾಲ ತಂದರು. ಇಪ್ಪತ್ತು ಪ್ರತಿಗಳೂ ಈಗ ನಮ್ಮ ಸಿಬ್ಬಂದಿ ಕೊಠಡಿಯ ಕಪಾಟಿನ ಮೇಲಿವೆ. ಮನೆಯಲ್ಲಿ ಇಡಲು ಜಾಗವಿಲ್ಲವಂತೆ.

ನಿನ್ನೆ ಈ ವರ್ಷದ ಕರಪತ್ರ ಮೊಬೈಲಿಗೆ ಬಂದಿದೆ. ಬೇರೆ ಕಾದಂಬರಿ, ಅದೇ ಬಳಗ, ಪ್ರವೇಶ ಶುಲ್ಕ 150. ಪ್ರಥಮ ಬಹುಮಾನ ನಗದು 10,000 ರೂಪಾಯಿ. ಎಂದರೆ ನಲವತ್ತು ಪ್ರತಿ.