ದೋಣಿ ಶೆಡ್ಡಿನ ಬೀಗದ ಕೈ ಯಾರ ಹತ್ತಿರ ಇರಬೇಕು?

ಕಾಸರಗೋಡಿನಲ್ಲಿ ಹಾಯಿದೋಣಿ ಕ್ಲಬ್ಬು ನಡೆಸುವವರಿಗೆ ನೀರಿನ ಕೊರತೆಯಿಲ್ಲ. ಉಪ್ಪಳ, ಶಿರಿಯ, ಮೊಗ್ರಾಲು, ಚಂದ್ರಗಿರಿ ಎಂದು ಸಾಲಾಗಿ ಹೊಳೆಗಳಿವೆ, ತೆಂಕಕ್ಕೆ ಹೋದರೆ ವಲಿಯಪರಂಬದ ಉದ್ದಾನುದ್ದ ಹಿನ್ನೀರಿದೆ. ಗಾಳಿಗೂ ಬರವಿಲ್ಲ. ತೊಂದರೆ ಇರುವುದು ಶೆಡ್ಡಿನಲ್ಲಿ. ಸಣ್ಣ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಐದಾರು ದೋಣಿ, ಮೂವತ್ತು ನಲವತ್ತು ಸದಸ್ಯರು, ವರ್ಷದ ಚಂದಾ ಸರಿಯಾಗಿ ಬರುತ್ತದೆ, ದೋಣಿಗಳ ಮೇಲೆ ಮಾತ್ರ ಧೂಳು. ಸದಸ್ಯರಿಗೆ ಆಸಕ್ತಿಯಿಲ್ಲ ಎಂದು ಸಮಿತಿಯವರು ಬೇಸರಪಡುತ್ತಾರೆ. ಆಸಕ್ತಿ ಇದೆ. ದೋಣಿ ಕೇಳಲು ಅವರಿಗೆ ಸಂಕೋಚ, ಮುರಿದರೆ ಏನು ಹೇಳುವುದೆಂಬ ಅಳುಕು. ಇದಕ್ಕೆ ಕಾರಣ ನಾವು ಬೇರೆ ಕಡೆಯಿಂದ ತಂದುಕೊಂಡ ಪದ್ಧತಿ ಎಂಬುದು ನನ್ನ ಅನಿಸಿಕೆ.

ಕರ್ನಾಟಕದ ಒಳನಾಡಿನಲ್ಲಿ ಹಾಯಿ ಹಾರಿಸುವ ವಿದ್ಯೆ ಬೆಳೆದದ್ದು ಹೆಚ್ಚಾಗಿ ಸೇನೆಯ ನೆರಳಿನಲ್ಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನವರ ಅಭ್ಯಾಸ, ಕನ್ನಂಬಾಡಿಯ ಹಿನ್ನೀರಿನಲ್ಲಿ ಸ್ಪರ್ಧೆಗಳು. ಅಲ್ಲಿಂದ ಬಂದದ್ದು ಶಿಸ್ತಿನ ಕ್ರಮ: ಹೆಸರು ಕೊಡಬೇಕು, ಅನುಮತಿ ಪಡೆಯಬೇಕು, ಕೋಚ್ ನೀರಿನಲ್ಲಿದ್ದರೆ ಮಾತ್ರ ದೋಣಿ ಇಳಿಯಬೇಕು. ಸ್ಪರ್ಧಿಗಳನ್ನು ತಯಾರಿಸಲು ಅದು ಒಳ್ಳೆಯ ಪದ್ಧತಿ. ಕರಾವಳಿಗೆ ಬಂದರೆ ಮೂಲ್ಕಿ, ಸಸಿಹಿತ್ಲಿನ ಸರ್ಫಿಂಗ್ ಕ್ರಮ ಬೇರೆ. ಅಲ್ಲಿ ಪಾಠಕ್ಕೆ ಇಷ್ಟು ಎಂದು ಹಣ ಕಟ್ಟುತ್ತಾರೆ, ಕಲಿಸುವವನು ಜೊತೆಗೇ ಇರುತ್ತಾನೆ. ಸರ್ಫಿಂಗಿಗೆ ಅದು ಹೊಂದುತ್ತದೆ. ಆದರೆ ಶನಿವಾರ ಮಧ್ಯಾಹ್ನ ಎರಡು ಗಂಟೆ ಬಿಡುವಿರುವ ಬ್ಯಾಂಕ್ ನೌಕರನಿಗೋ ಹನ್ನೊಂದನೇ ತರಗತಿಯ ಹುಡುಗಿಗೋ ಇವೆರಡೂ ಸಲ್ಲುವುದಿಲ್ಲ. ಒಂದು ಕಡೆ ಅವರು ಅಪ್ಪಣೆ ಬೇಡುವವರು, ಇನ್ನೊಂದು ಕಡೆ ಗಿರಾಕಿಗಳು. ಕ್ಲಬ್ಬಿನ ದೋಣಿ ತಮ್ಮದು ಎಂಬ ಭಾವ ಎರಡರಲ್ಲೂ ಹುಟ್ಟುವುದಿಲ್ಲ.

ಮೂರನೆಯ ಮಾದರಿ ನಮ್ಮ ಕಣ್ಣೆದುರೇ ಇದೆ. ಕೇರಳದ ಹಳ್ಳಿಹಳ್ಳಿಯಲ್ಲಿರುವ ವಾಯನಶಾಲೆ, ಅಂದರೆ ಊರಿನ ಗ್ರಂಥಾಲಯ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಗಡಿನಾಡ ಕನ್ನಡಿಗರು ಕಳೆದುಕೊಂಡದ್ದರ ಬಗ್ಗೆ ಸಾಕಷ್ಟು ಮಾತಾಡಿದ್ದೇವೆ, ಮಾತಾಡಲೇಬೇಕು. ಆದರೆ ಇಲ್ಲಿಂದ ಕಲಿಯಬಹುದಾದದ್ದನ್ನೂ ಹೇಳಬೇಕು. ಎರಡು ಕೋಣೆಯ ಕಟ್ಟಡ, ಮೇಜಿನ ಮೇಲೆ ರಿಜಿಸ್ಟರು. ಪುಸ್ತಕ ತೆಗೆದವರು ಬರೆಯುತ್ತಾರೆ, ತಂದುಕೊಟ್ಟಾಗ ಹೊಡೆದು ಹಾಕುತ್ತಾರೆ. ದೋಣಿಯನ್ನೂ ಹೀಗೆಯೇ ಕೊಡಬೇಕು ಎಂಬುದು ನನ್ನ ವಾದ. ಅದಕ್ಕೆ ಬೇಕಾದ ತಯಾರಿ ದೊಡ್ಡದು, ಅಸಾಧ್ಯವೇನಲ್ಲ.

ಮೊದಲನೆಯದು ದೋಣಿಯ ಆಯ್ಕೆ. ಇಬ್ಬರು ಬೇಕಾಗುವ ದೋಣಿಗಳೇ ಶೆಡ್ಡಿನಲ್ಲಿ ಹೆಚ್ಚು ಕಾಲ ಮಲಗುತ್ತವೆ. ನಾಲ್ಕು ಮೀಟರಿನ ಎಂಟರ್‌ಪ್ರೈಸ್ ಒಳ್ಳೆಯ ದೋಣಿ, ಆದರೆ ಕೂವೆ, ಅಂದರೆ ಹಾಯಿಕಂಬ, ನಿಲ್ಲಿಸಿ, ಬದಿಯ ತಂತಿಗಳನ್ನು ಬಿಗಿದು, ಎರಡು ಹಾಯಿ ಕಟ್ಟುವಷ್ಟರಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹೋಗುತ್ತದೆ. ಜೊತೆಗಾರ ಬರಲಿಲ್ಲವೆಂದರೆ ಅವತ್ತಿನ ಹೊಳೆ ಅಲ್ಲಿಗೇ ಮುಗಿಯಿತು. ಮಕ್ಕಳಿಗೆ ಆಪ್ಟಿಮಿಸ್ಟ್ ಸಾಕು: ಉದ್ದ 2.3 ಮೀಟರ್, ಬರಿಯ ಒಡಲು 35 ಕಿಲೋ, ಹತ್ತು ಹದಿನೈದು ನಿಮಿಷದಲ್ಲಿ ತಯಾರು. ದೊಡ್ಡವರಿಗೆ ಇಲ್ಕಾ, ಅಂದರೆ ಹಳಬರು ಲೇಸರ್ ಎನ್ನುವ ದೋಣಿ. ಅದರ ಒಡಲು ಸುಮಾರು 59 ಕಿಲೋ, ಒಬ್ಬರೇ ನಡೆಸಬಹುದು, ಒಂದೇ ಒಡಲಿಗೆ ಮೂರು ಅಳತೆಯ ಹಾಯಿ ಹೊಂದುತ್ತದೆ. 7 ಚದರ ಮೀಟರಿನ ದೊಡ್ಡ ಹಾಯಿಯನ್ನು ಮೊದಲೇ ಕೊಂಡು ಸದಸ್ಯರನ್ನು ಹೆದರಿಸಬೇಡಿ. 4.7 ಚದರ ಮೀಟರಿನದೊಂದು, 5.7ರದೊಂದು ಇದ್ದರೆ 50 ಕಿಲೋ ತೂಗುವ ಹುಡುಗಿಗೂ 70 ಕಿಲೋ ತೂಗುವ ಅಪ್ಪನಿಗೂ ಅದೇ ದೋಣಿ ಸಾಕಾಗುತ್ತದೆ.

ಎರಡನೆಯದು ಪರೀಕ್ಷೆ. ಬೀಗದ ಕೈ ಕೊಡುವ ಮುನ್ನ ಸದಸ್ಯ ಏನೇನು ಮಾಡಿ ತೋರಿಸಬೇಕೆಂದು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಎಂಟಂಕಿ ಗಂಟು, ಬೌಲೈನ್, ಎರಡು ಸುತ್ತಿನ ಲಂಗರು ಗಂಟು. ಗಾಳಿಗೆದುರಾಗಿ ಅಡ್ಡಡ್ಡ ಹೋಗಿ, ನೀರಿನಲ್ಲಿ ಗುರುತಿಗೆ ತೇಲಬಿಟ್ಟ ಬುರುಡೆ ಸುತ್ತಿ ಬರುವುದು. ಕಡವಿಗೆ ಬಡಿಯದೆ ಹಾಯಿ ಸಡಿಲಿಸಿ ನಿಲ್ಲುವುದು. ಕೊನೆಗೆ ಬೇಕೆಂದೇ ದೋಣಿ ಮಗುಚಿ, ಯಾರ ಸಹಾಯವೂ ಇಲ್ಲದೆ ಮೂರು ಸಲ ಎಬ್ಬಿಸುವುದು.

ಈ ಮಗುಚುವ ಪಾಠಕ್ಕೆ ತಂದೆತಾಯಿಯರನ್ನು ಕರೆದು ದಡದಲ್ಲಿ ಕೂರಿಸಿ. 2023ರ ಮೇ 7ರಂದು ತಾನೂರಿನಲ್ಲಿ ವಿಹಾರ ದೋಣಿ ಮುಳುಗಿ 22 ಜನ ಸತ್ತ ಮೇಲೆ ಈ ನಾಡಿನಲ್ಲಿ ದೋಣಿ ಎಂದರೆ ಮನೆಯವರ ಎದೆ ನಡುಗುತ್ತದೆ, ಅದು ಸಹಜ. ಒಳಗೆ ಸಿಕ್ಕಿಕೊಳ್ಳುವ ಎರಡು ಅಂತಸ್ತಿನ ದೋಣಿಯೂ ಮಗುಚಿದರೂ ತೇಲುವ ತೆರೆದ ಹಾಯಿದೋಣಿಯೂ ಬೇರೆ ಬೇರೆ ಎಂದು ಬಾಯಲ್ಲಿ ಹೇಳಿದರೆ ನಂಬುವವರಿಲ್ಲ. ಕಣ್ಣಾರೆ ಕಂಡರೆ ನಂಬುತ್ತಾರೆ. ಹುಡುಗ ಹಾಯಿಯ ಹಗ್ಗ ಬಿಡುತ್ತಾನೆ, ದೋಣಿ ಬಿಡದೆ ಹಿಂದಕ್ಕೆ ಈಜಿ ಬಂದು, ದೋಣಿಯ ತಳದಿಂದ ನೀರಿಗಿಳಿಯುವ ನಡುಹಲಗೆ ಹಿಡಿಯುತ್ತಾನೆ, ಮೂತಿ ಗಾಳಿಗೆ ತಿರುಗುವವರೆಗೆ ಕಾಯುತ್ತಾನೆ, ಹಲಗೆಯ ಬುಡದಲ್ಲಿ, ಒಡಲಿಗೆ ತಾಗಿದಂತೆ ಕಾಲಿಟ್ಟು ಹಿಂದಕ್ಕೆ ವಾಲುತ್ತಾನೆ. ತುದಿಯಲ್ಲಿ ನಿಂತರೆ ಹಲಗೆ ಮುರಿಯುತ್ತದೆ. ನಮ್ಮ ಹೊಳೆಗಳಲ್ಲಿ ಇನ್ನೊಂದು ತೊಡಕಿದೆ: ಇಳಿತದ ವೇಳೆ ನೀರು ಎರಡು ಮೀಟರೂ ಇರದ ಜಾಗದಲ್ಲಿ ದೋಣಿ ಪೂರ್ತಿ ಬೋರಲಾದರೆ ಕೂವೆಯ ತುದಿ ಕೆಸರಿಗೆ ಹೂತುಕೊಳ್ಳುತ್ತದೆ. ಆಗ ಹಲಗೆಯ ಮೇಲೆ ಕುಣಿದರೆ ಇಲ್ಕಾದ ಕೂವೆ ಎರಡು ತುಂಡು ಸೇರುವ ಜಾಗದಲ್ಲೇ ಬಾಗುತ್ತದೆ. ರಕ್ಷಣಾ ದೋಣಿ ಬಂದು, ಹೂತ ದಿಕ್ಕಿನ ಹಿಮ್ಮುಖವಾಗಿ ಮೆಲ್ಲನೆ ಎಳೆಯಬೇಕು. ಆದ್ದರಿಂದ ಮಗುಚುವ ಪಾಠ ಭರತದ ಹೊತ್ತಿಗೇ ನಡೆಯಲಿ.

ಲೈಫ್ ಜಾಕೆಟ್ಟಿನ ಬಗ್ಗೆ ರಾಜಿ ಇಲ್ಲ. ಹಾಯಿದೋಣಿಗೆ 50 ನ್ಯೂಟನ್ನಿನದು ಸಾಕು, ಅಂದರೆ ಸುಮಾರು ಐದು ಕಿಲೋ ಭಾರ ಎತ್ತುವ ಬಲ. ವರ್ಷಕ್ಕೊಮ್ಮೆ ಐದು ಕಿಲೋದ ಕಬ್ಬಿಣದ ಕಲ್ಲು ಕಟ್ಟಿ ನೀರಿಗೆ ಬಿಡಿ. ತೇಲದಿದ್ದರೆ ಕತ್ತರಿಸಿ ಬಿಸಾಡಿ. ಹಾಗೇ ಮೂಲೆಗಿಟ್ಟರೆ ಯಾರಾದರೂ ತೊಟ್ಟುಕೊಂಡು ಹೋಗುತ್ತಾರೆ.

ಇನ್ನು ರಿಜಿಸ್ಟರು. ಹೆಸರು, ದೋಣಿ, ಹೊರಟ ಗಂಟೆ, ಮರಳಿದ ಗಂಟೆ, ಕೊನೆಯಲ್ಲಿ ಅಗಲವಾದ ಒಂದು ಅಂಕಣ: ಏನು ಮುರಿಯಿತು, ಏನು ಸಡಿಲವಾಯಿತು. ಈ ಅಂಕಣದಲ್ಲಿ ಬರೆದವರಿಗೆ ದಂಡ ಹಾಕಕೂಡದು. ದಂಡ ಹಾಕಿದ ದಿನದಿಂದ ಯಾರೂ ಬರೆಯುವುದಿಲ್ಲ, ಮುಂದಿನವನು ಅದೇ ಬಿರುಕಿನ ಚುಕ್ಕಾಣಿ ಹಿಡಿದು ಹೊಳೆಯ ನಡುವೆ ಸಿಕ್ಕಿಬೀಳುತ್ತಾನೆ. ಬರೆದ ಕೂಡಲೇ ಆ ದೋಣಿಯ ಮೂತಿಗೆ ಕೆಂಪು ಬಟ್ಟೆ ಕಟ್ಟಬೇಕು, ದುರಸ್ತಿಯಾದ ಮೇಲಷ್ಟೇ ಬಿಚ್ಚಬೇಕು. ಗಂಟೆಗಿಷ್ಟು ಎಂದು ಬಾಡಿಗೆ ಹಾಕುವುದನ್ನೂ ನಾನು ಒಪ್ಪುವುದಿಲ್ಲ. ಗಾಳಿ ಬಿದ್ದ ದಿನ ನೀರಿನಲ್ಲಿ ಸುಮ್ಮನೆ ಕೂತು ಹಣ ತೆತ್ತವನು ಮತ್ತೆ ಬರುವುದಿಲ್ಲ. ವರ್ಷದ ಚಂದಾವನ್ನೇ ಸ್ವಲ್ಪ ಏರಿಸಿ.

ಮುರಿಯುವುದು ಯಾವಾಗಲೂ ಅವೇ ನಾಲ್ಕಾರು ಭಾಗಗಳು. ಇಲ್ಕಾದ ಕೂವೆ ಕೂರುವ ಕುಳಿಯನ್ನು ನೋಡಿ. ಕಡಲ ದಂಡೆಯ ಮರಳು ನಾಲ್ಕು ಕಾಳು ಅದರೊಳಗೆ ಬಿದ್ದರೆ ಸಾಕು, ಕೂವೆ ತಿರುಗಿದಾಗಲೆಲ್ಲ ಅರೆಯುವ ಕಲ್ಲಿನಂತೆ ಫೈಬರನ್ನು ತೇಯುತ್ತದೆ. ಕೊನೆಗೆ ಬುಡ ತೂತಾಗಿ ಒಡಲೊಳಗೆ ನೀರು ಸೇರುತ್ತದೆ. ಪರೀಕ್ಷೆ ಸುಲಭ: ಕುಳಿಗೆ ನೀರು ತುಂಬಿ ಒಂದು ಗಂಟೆ ಬಿಡಿ, ಮಟ್ಟ ಇಳಿದರೆ ತೂತಿದೆ. ಕೂವೆ ನಿಲ್ಲಿಸುವ ಮೊದಲು ಅದರ ಬುಡವನ್ನೂ ಕುಳಿಯನ್ನೂ ಸಿಹಿನೀರಿನಲ್ಲಿ ತೊಳೆಯುವುದು ಎರಡು ನಿಮಿಷದ ಕೆಲಸ. ಆಪ್ಟಿಮಿಸ್ಟಿನಲ್ಲಿ ಮರೆಯುವುದು ಕೂವೆಯನ್ನು ಕೆಳಗೆ ಹಿಡಿದಿಡುವ ಕಟ್ಟು. ಅದಿಲ್ಲದೆ ಮಗುಚಿದರೆ ಕೂವೆ ಬುಡದಿಂದ ಎದ್ದು, ಅದು ತೂರಿಬರುವ ಅಡ್ಡಹಲಗೆಯನ್ನೇ ಸೀಳುತ್ತದೆ. ಮೂರು ಗಾಳಿಚೀಲಗಳನ್ನು ಸಂಜೆ ತುಂಬಿಟ್ಟು ಬೆಳಗ್ಗೆ ಒತ್ತಿ ನೋಡಿ. ಒಡಲಿನ ಬಿರಡೆ ಹತ್ತು ಹೆಚ್ಚಿಗೆ ಕೊಂಡಿಡಿ, ಕಳೆದುಹೋಗುವ ವಸ್ತು ಅದೇ. ಶೆಡ್ಡಿನಲ್ಲಿರುವಾಗ ಬಿರಡೆ ತೆಗೆದೇ ಇರಲಿ, ಮಾರ್ಚಿನ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಒಡಲಿನ ಬೆಸುಗೆ ಬಿಡುವುದುಂಟು. ಇಳಿಸುವ ದಾರಿ ಮುರಕಲ್ಲಿನದಾದರೆ ದೋಣಿಯನ್ನು ಎಳೆಯಲೇಬೇಡಿ, ಚಕ್ರದ ತಳ್ಳುಗಾಡಿ ಮಾಡಿಸಿ. ಗಾಡಿಯಿದ್ದರೆ ಒಬ್ಬರೇ ಇಳಿಸಬಹುದು, ಇಲ್ಲದಿದ್ದರೆ ನಾಲ್ವರು ಬೇಕು. ದೋಣಿ ಬಳಸುವವರ ಸಂಖ್ಯೆ ಹೆಚ್ಚುವುದು ಇಂಥ ಕಡೆ.

ಕಾಲದ ಲೆಕ್ಕವನ್ನೂ ನಾವು ತಪ್ಪು ಕಡೆಯಿಂದ ತಂದಿದ್ದೇವೆ. ಘಟ್ಟದ ಮೇಲೆ ಹಾಯಿಯವರಿಗೆ ಮಳೆಗಾಲದ ಗಾಳಿಯೇ ಸುಗ್ಗಿ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಾನ್ಸೂನ್ ರೆಗಾಟ ನಡೆಯುವುದು ಜುಲೈಯಲ್ಲಿ. ನಮಗೆ ಆಗ ಹೊಳೆ ಕೆಂಪಾಗಿ ಮರದ ದಿಮ್ಮಿ ಹೊತ್ತು ಬರುತ್ತದೆ, ಅಳಿವೆಯಲ್ಲಿ ತೆರೆ ಮುರಿಯುತ್ತದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ, ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಹಾಯಿಗೆ ಆ ಕಾನೂನು ಅನ್ವಯಿಸುವುದಿಲ್ಲ ನಿಜ, ಆದರೆ ನಮ್ಮ ಹಾಯಿಯೂ ಆ ದಿನಗಳಲ್ಲಿ ಮಡಚಿರಬೇಕು. ನಮ್ಮ ಸುಗ್ಗಿ ನವರಾತ್ರಿ ಕಳೆದ ಮೇಲೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಬೆಳಗ್ಗೆ ಮೂಡಣದಿಂದ ತೆಳ್ಳನೆಯ ನೆಲಗಾಳಿ, ಹತ್ತು ಗಂಟೆ ಹೊತ್ತಿಗೆ ಅದು ಬೀಳುತ್ತದೆ, ಮಧ್ಯಾಹ್ನದ ಸುಮಾರಿಗೆ ಪಡುವಣದಿಂದ ಕಡಲಗಾಳಿ ಏಳುತ್ತದೆ, ಮೂರು ನಾಲ್ಕರ ಹೊತ್ತಿಗೆ ಜೋರು. ಬೆಳಗಿನ ಗಾಳಿ ಸೌಮ್ಯವೆಂದು ಹೊಸಬರನ್ನು ಬಿಡುವಾಗ ಒಂದು ಎಚ್ಚರ ಬೇಕು: ನೆಲಗಾಳಿಯೂ ಇಳಿತವೂ ಕೂಡಿದರೆ ಎರಡೂ ದೋಣಿಯನ್ನು ಅಳಿವೆಯತ್ತಲೇ ತಳ್ಳುತ್ತವೆ, ಗಾಳಿ ಬಿದ್ದ ಮೇಲೆ ಹಿಂದೆ ಬರುವ ದಾರಿಯಿಲ್ಲ. ಬೆಳಗಿನ ಪಾಠ ಭರತ ಏರುವ ದಿನಗಳಲ್ಲಿ ಮಾತ್ರ ಇಟ್ಟುಕೊಳ್ಳಿ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ತಿಂಗಳ ಪಟ್ಟಿಯನ್ನು ಮೊದಲೇ ಹಾಕಬಹುದು. ಬಾಕಿಯವರಿಗೆ ಶನಿವಾರ ಎರಡರಿಂದ ಐದು ಎಂದು ಒಂದೇ ಹೊತ್ತು ಖಾಯಂ ಆಗಲಿ, ಒಬ್ಬನೇ ಬಂದರೂ ರಕ್ಷಣಾ ದೋಣಿಯ ಎಂಜಿನ್ ಚಾಲೂ ಆಗಲೇಬೇಕು. ಎರಡು ವಾರ ರದ್ದಾದರೆ ಮೂರನೆಯ ವಾರ ಯಾರೂ ಬರುವುದಿಲ್ಲ.

ಜಲೋತ್ಸವದ ದೋಣಿ ಸಂಘಗಳಿಂದ ನಾವು ಕಲಿಯದೇ ಇರಬೇಕಾದದ್ದೂ ಇದೆ. ತೇಜಸ್ವಿನಿ ಹೊಳೆಯಲ್ಲಿ ಹುಟ್ಟು ಹಾಕುವ ಸಂಘದವರ ಒಗ್ಗಟ್ಟು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ, ಇಡೀ ಊರು ದಡಕ್ಕೆ ಬರುತ್ತದೆ. ಆದರೆ ಆ ದೋಣಿ ಹಬ್ಬದ ದೋಣಿ, ಹಬ್ಬ ಮುಗಿದರೆ ಮಾಡಿನ ಅಡಿಗೆ ಸೇರುತ್ತದೆ. ವರ್ಷಕ್ಕೊಂದು ದೊಡ್ಡ ಸ್ಪರ್ಧೆ ಮಾಡಿ ಫೋಟೋ ತೆಗೆಸಿಕೊಳ್ಳುವ ಹಾಯಿ ಕ್ಲಬ್ಬಿಗೂ ಅದೇ ಗತಿ. ಟ್ರೋಫಿಗೆ ಇಡುವ ದುಡ್ಡಿನಲ್ಲಿ ಹಗ್ಗ ಕೊಳ್ಳಿ.

ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಹಾಯಿ ಬಿಚ್ಚುವವರು ಕಲ್ಲುಮ್ಮಕ್ಕಾಯಿ ಎಂಬ ತಿನ್ನುವ ಚಿಪ್ಪು ಬೆಳೆಯುವವರನ್ನು ಮೊದಲು ಮಾತಾಡಿಸಬೇಕು. ಬಿದಿರಿನ ಚಪ್ಪರ ನಿಲ್ಲಿಸಿ, ಹಗ್ಗಕ್ಕೆ ಮರಿ ಚಿಪ್ಪು ಕಟ್ಟಿ ನೀರಿಗೆ ಇಳಿಬಿಡುವುದು ನವೆಂಬರ್ ಡಿಸೆಂಬರಿನಲ್ಲಿ, ಕೊಯ್ಲು ಮಳೆಗೆ ಮುಂಚೆ. ನಮ್ಮ ಸುಗ್ಗಿಯೂ ಸರಿಯಾಗಿ ಅದೇ ತಿಂಗಳುಗಳು. ಒಂದು ನಡುಹಲಗೆ ಆ ಹಗ್ಗಗಳಿಗೆ ಸಿಕ್ಕಿದರೆ ಹರಿಯುವುದು ಬಹುಪಾಲು ಮಹಿಳಾ ಸ್ವಸಹಾಯ ಗುಂಪುಗಳ ವರ್ಷದ ದುಡಿಮೆ. ಚಪ್ಪರದಿಂದ 50 ಮೀಟರ್ ದೂರಕ್ಕೆ ನಮ್ಮದೇ ಖರ್ಚಿನಲ್ಲಿ ಕಿತ್ತಳೆ ಬುರುಡೆ ಕಟ್ಟಿ ಗಡಿ ಹಾಕಿಕೊಳ್ಳುವುದು ನಮ್ಮ ಕರ್ತವ್ಯ. ಹೊಳೆಗೆ ಅಡ್ಡ ಹಾಯುವ ವಿದ್ಯುತ್ ತಂತಿ, ಸೇತುವೆಗಳ ಗುರುತನ್ನೂ ಅದೇ ನಕ್ಷೆಯಲ್ಲಿ ಹಾಕಿ, ಭರತದ ವೇಳೆ ಎತ್ತರ ಎಷ್ಟು ಉಳಿಯುತ್ತದೆಂದು ಅಳೆದು ಬರೆಯಿರಿ. ಅಲ್ಯೂಮಿನಿಯಮ್ ಕೂವೆ ತಂತಿಗೆ ತಾಗಿದರೆ ಎರಡನೆಯ ಅವಕಾಶವಿಲ್ಲ.

ಶೆಡ್ಡಿನ ಗೋಡೆಯ ಫಲಕ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ದಡದಲ್ಲಿ ಮಾತು ತುಳುವಿನಲ್ಲೂ ನಡೆಯುತ್ತದೆ. ಇದು ಭಾಷಾಭಿಮಾನದ ಪ್ರಶ್ನೆಯಷ್ಟೇ ಅಲ್ಲ, ಗಾಳಿ ಜೋರಾದಾಗ ಕೂಗಿದ ಮಾತು ತಕ್ಷಣ ತಿಳಿಯಬೇಕು. ಅದೃಷ್ಟಕ್ಕೆ ದೋಣಿಯ ಮಾತುಗಳಲ್ಲಿ ನಾವು ದೂರದವರಲ್ಲ: ಅವರ ಪಾಯ್ ನಮ್ಮ ಹಾಯಿ, ಅವರ ಚುಕ್ಕಾನ್ ನಮ್ಮ ಚುಕ್ಕಾಣಿ, ನಂಗೂರಂ ನಮ್ಮ ಲಂಗರು. ದೋಣಿ ತಿರುಗಿಸುವಾಗ, ಅಡ್ಡಮರ ತಲೆಯ ಮೇಲೆ ಹಾಯುವಾಗ ಕೂಗಬೇಕಾದ ಎರಡು ಮಾತುಗಳನ್ನು ಮೊದಲ ದಿನವೇ ಎಲ್ಲರೂ ಸೇರಿ ನಿಶ್ಚಯಿಸಿಕೊಂಡರೆ ಆಯಿತು.

ಜೂನ್ ಮೊದಲ ವಾರ ಬಾಗಿಲು ಹಾಕುವ ಕ್ರಮಕ್ಕೂ ಎಲ್ಲ ಸದಸ್ಯರು ಬರಲಿ. ಹಾಯಿಗಳನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು, ಉಪ್ಪು ಉಳಿದರೆ ಬಟ್ಟೆ ಒಣಗಿಯೂ ಮತ್ತೆ ಪಸೆ ಹಿಡಿದು ಬೂಷ್ಟು ಬೆಳೆಯುತ್ತದೆ. ಪೂರ್ತಿ ಒಣಗಿದ ಮೇಲೆ ಮಡಚದೆ ಸುರುಳಿ ಸುತ್ತಿ, ಇಲಿ ಹತ್ತದಂತೆ ಮಾಡಿನ ತೊಲೆಗೆ ತೂಗುಹಾಕಿ. ಎಂಜಿನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ, ಇಂಧನದ ಕೊಳವೆ ಕಳಚಿ ಕಾರ್ಬ್ಯುರೇಟರ್ ಬರಿದಾಗುವವರೆಗೆ ಬಿಡಿ. ರಿಜಿಸ್ಟರಿನ ಕೊನೆಯ ಅಂಕಣವನ್ನು ಅಕ್ಟೋಬರಿನಿಂದ ಮೇ ತನಕ ಓದಿ ಹೇಳಿ, ಒಬ್ಬೊಬ್ಬರು ಒಂದೊಂದು ದುರಸ್ತಿ ಒಪ್ಪಿಕೊಂಡು ಮನೆಗೆ ಒಯ್ಯಲಿ: ಒಬ್ಬರಿಗೆ ಚುಕ್ಕಾಣಿಯ ಬಿಜಾಗರಿ, ಒಬ್ಬರಿಗೆ ಹರಿದ ಹಾಯಿಯ ಅಂಚು, ಮಕ್ಕಳಿಗೆ ಮೂರು ಮಿಲಿಮೀಟರ್ ಹಗ್ಗದ ತುದಿಗಳನ್ನು ಕರಗಿಸಿ ಹಾಯಿಕಟ್ಟು ಮಾಡುವ ಕೆಲಸ.